ಒಂದು ದಿನದ ಬಿ.ಎ.

ಮೂರು ದಿನದಿಂದ ಆಸಿಡ್ ಸುರಿದು ನೆಲ ಉಜ್ಜಿ ಉಜ್ಜಿ ಚಿಕ್ಕಮುನಿಯಮ್ಮನ ಬೆರಳ ತುದಿಯ ಚರ್ಮ ಸುಲಿದು ಹೋಗಿತ್ತು. ಮುದ್ದೆ ಮುರಿದರೆ ಉರಿ, ನೀರು ಮುಟ್ಟಿದರೆ ಉರಿ. ಕೈಗೆ ಹಾಕಿಕೊಳ್ಳಲು ಗ್ಲೌಸ್ ಕೇಳಿದ್ದಕ್ಕೆ ಸೂಪರ್‌ವೈಸರ್, "ಏನಜ್ಜೀ, ಮದುವೆಗೆ ಹೊರಟಿದೀಯಾ?" ಅಂತ ನಕ್ಕಿದ್ದ. ಅವಳಿಗೆ ಅರವತ್ತೆರಡು. ಮಲ್ಲೇಶ್ವರಂನ ಗಿರಿಜಾಂಬಾ ಕಲಾ ಕಾಲೇಜಿನಲ್ಲಿ ಕಸ ಗುಡಿಸಲು ಸೇರಿ ಇಪ್ಪತ್ತೊಂಬತ್ತು ವರ್ಷ. ಇವತ್ತಿಗೂ ಕಂತ್ರಾಟಿನ ಆಳು.

ಅವಳು ಉಜ್ಜುತ್ತಿದ್ದದ್ದು ಏಳನೇ ನಂಬರಿನ ಕೋಣೆ. ಬಿ.ಎ. ತರಗತಿ. ಮೂರು ವರ್ಷದಿಂದ ಬೀಗ ಬಿದ್ದು, ಬೆಂಚುಗಳ ಮೇಲೆ ಪಾರಿವಾಳದ ಹಿಕ್ಕೆ ಗಟ್ಟಿಯಾಗಿ ಕೂತಿತ್ತು.

"ಮುಚ್ಚಿದ್ ಕ್ಲಾಸನ್ನ ಯಾಕ್ ಸ್ವಾಮಿ ತೊಳೆಸ್ತಾವ್ರೆ?" ಅಂತ ರಾಮಾನುಜ ಮೇಷ್ಟ್ರನ್ನು ಕೇಳಿದಳು. ಇತಿಹಾಸದ ಮೇಷ್ಟ್ರು. ಬಿ.ಎ. ಮುಚ್ಚಿದ ಮೇಲೆ ಅವರನ್ನು ಬಿ.ಕಾಂ. ಹುಡುಗರ ಹಾಲ್ ಟಿಕೆಟ್ಟಿಗೆ ಸೀಲು ಒತ್ತಲು ಕೂರಿಸಿದ್ದರು.

"ಸರ್ಕಾರದ ತಪಾಸಣೆಯವರು ಬರ್ತಾರಮ್ಮ. ಬಿ.ಎ. ನಡೀತಿದೆ ಅಂತ ತೋರಿಸ್ಬೇಕು. ಗಿರಿಜಾಂಬಾ ಅವರು ಜಾಗ ಬರೆದುಕೊಟ್ಟಾಗ ಅದೇ ಷರತ್ತು. ಬಿ.ಎ. ನಿಂತ್ರೆ ಜಾಗ ಈ ಮ್ಯಾನೇಜ್‌ಮೆಂಟಿನವರ ಕೈ ಬಿಟ್ಟುಹೋಗತ್ತೆ." ಮೇಷ್ಟ್ರು ಆಚೀಚೆ ನೋಡಿ ದನಿ ತಗ್ಗಿಸಿದರು. "ನಾನು ಹೇಳ್ದೆ ಅಂತ ಎಲ್ಲೂ ಅನ್ಬೇಡಿ. ಮುಂದಿನ ವರ್ಷ ನನ್ನ ರಿಟೈರ್‌ಮೆಂಟು."

ಗಿರಿಜಾಂಬಾ ಯಾರೆಂದು ಚಿಕ್ಕಮುನಿಯಮ್ಮನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆಕೆ ಸ್ಕೂಲ್ ಟೀಚರು. ಶ್ರೀರಾಂಪುರದ ಮಿಲ್ ಕೂಲಿಗಳ ಮಕ್ಕಳೂ ಬಿ.ಎ. ಓದಲಿ ಎಂದು ತನ್ನ ಮನೆ, ಹಿತ್ತಿಲು ಎರಡನ್ನೂ ಬರೆದುಕೊಟ್ಟವರು. ಮನೆ ಸಾಲದಾದಾಗ ಕೂಲಿಗಳೇ ಭಾನುವಾರ ಭಾನುವಾರ ಕಲ್ಲು ಹೊತ್ತು ತಂದು ಕೋಣೆ ಎಬ್ಬಿಸಿದರು. ಈ ಏಳನೇ ಕೋಣೆಯ ಗೋಡೆ ಏಳುವಾಗ ಚಿಕ್ಕಮುನಿಯಮ್ಮನ ಅಪ್ಪ ಬೈರಯ್ಯನಿಗೆ ಅಂಬಲಿ ತಂದುಕೊಟ್ಟದ್ದು ಇದೇ ಚಿಕ್ಕಮುನಿಯಮ್ಮ, ಏಳು ವರ್ಷದ ಪೋರಿ. ಅಪ್ಪ ಕಟ್ಟಿದ ಗೋಡೆಗೆ ಮಗಳು ಪೊರಕೆ ಹಿಡಿದಳು. ಆಯಿತು, ಮೊಮ್ಮಗಳಾದರೂ ಒಳಗೆ ಕೂತು ಓದಲಿ ಅನ್ನುವುದೊಂದೇ ಅವಳ ಆಸೆ.

ಮೊಮ್ಮಗಳು ರಕ್ಷಿತಾ ಪಿಯುಸಿಯಲ್ಲಿ ಎಂಬತ್ತನಾಲ್ಕು ಪರ್ಸೆಂಟ್. ಬಿ.ಎ. ಓದುತ್ತೀನಿ, ಇತಿಹಾಸವೇ ಬೇಕು ಅಂತ ಹಟ. ಹೋದ ಜೂನ್‌ನಲ್ಲಿ ಬಿ.ಎ. ಮತ್ತೆ ಶುರುವಾಗುತ್ತದೆ ಅನ್ನುವ ಮಾತು ನಂಬಿ ಅಜ್ಜಿ ಅವಳನ್ನು ಕರೆತಂದರೆ ಆಫೀಸಿನವರು ನಾಳೆ ಬಾ, ನಾಡಿದ್ದು ಬಾ ಅಂತ ಐದು ವಾರ ಅಲೆಸಿದರು. ಆಮೇಲೆ ಸೆಕ್ರೆಟರಿ ಶಶಿಕುಮಾರ್ ಮೊಬೈಲಿನಿಂದ ತಲೆ ಎತ್ತದೆ, "ಬಿ.ಎ. ಇಲ್ಲಮ್ಮ ಈಗ. ಯಾರ್ ಓದ್ತಾರೆ ಅದನ್ನ?" ಅಂದ. ಅಷ್ಟರಲ್ಲಿ ಬೇರೆ ಕಾಲೇಜುಗಳ ಅಡ್ಮಿಷನ್ನೂ ಮುಗಿದಿತ್ತು. ಹುಡುಗಿ ಅಳಲಿಲ್ಲ. ಮಾರ್ಕ್ಸ್ ಕಾರ್ಡನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಟ್ರಂಕಿನ ತಳದಲ್ಲಿಟ್ಟು, ಸಂಪಿಗೆ ರಸ್ತೆಯ ಬಟ್ಟೆ ಅಂಗಡಿಗೆ ಸೀರೆ ಮಡಚಲು ಹೋದಳು.

ಈಗ ನೋಡಿ, ಅದೇ ಶಶಿಕುಮಾರ್ ಚಿಕ್ಕಮುನಿಯಮ್ಮನನ್ನು ಒಳಗೆ ಕರೆಸಿ ಕುರ್ಚಿ ತೋರಿಸಿದ. ಇಪ್ಪತ್ತೊಂಬತ್ತು ವರ್ಷದಲ್ಲಿ ಆ ಕುರ್ಚಿಯನ್ನು ಅವಳು ಒರೆಸಿದ್ದಳೇ ಹೊರತು ಕೂತಿರಲಿಲ್ಲ. ಇವತ್ತೂ ಕೂರಲಿಲ್ಲ.

"ಶ್ರೀರಾಂಪುರದಿಂದ ಇಪ್ಪತ್ತು ಹುಡುಗ್ರನ್ನ ಕರ್ಕೊಂಡ್ಬಾ. ಕಾಲೇಜ್ ವಯಸ್ಸಿನೋರು. ಒಂದು ದಿನ ಬೆಂಚ್ ಮೇಲೆ ಕೂತ್ರೆ ಸಾಕು. ನಿನ್ನ ಮೊಮ್ಮಗಳೂ ಬರ್ಲಿ. ನೀನು ಪೇರೆಂಟು."

"ನಾನಾ ಸ್ವಾಮಿ?"

"ಒಳ್ಳೆ ಸೀರೆ ಉಟ್ಕೊ. ಕೇಳಿದ್ರೆ, ಕಾಲೇಜಿಂದ ನಮ್ ಬಾಳು ಬೆಳಗ್ತು ಅಂತ ಹೇಳು."

"ಆಗಾಕಿಲ್ಲ ಅಂದ್ರೆ?"

ಶಶಿಕುಮಾರ್ ನಕ್ಕ. "ಅರವತ್ತು ದಾಟಿದೋರನ್ನ ತೆಗೀರಿ ಅಂತ ಕಂತ್ರಾಟುದಾರ ಹೇಳ್ತಾನೇ ಇದಾನೆ. ನಾನೇ ತಡೆದಿಟ್ಟಿದೀನಿ."

ರಕ್ಷಿತಾ ಮೊದಲು ಉರಿದುಬಿದ್ದಳು. "ನಾನ್ ಬರಲ್ಲ. ನಾಚ್ಕೆ ಆಗಲ್ವಾ ಅಜ್ಜಿ ನಿಂಗೆ?" ಅಜ್ಜಿ ಸುಲಿದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಹುಡುಗಿ ಸೆರಗು ಸರಿಸಿ ಆ ಕೈ ನೋಡಿ, ಬರ್ತೀನಿ ಅಂದಳು.

ತಪಾಸಣೆಯ ದಿನ ಇಪ್ಪತ್ತು ಜನರ ಕೊರಳಿಗೂ ಗುರುತಿನ ಚೀಟಿ ಬಿತ್ತು. ಫೋಟೋ, ಪ್ರಿನ್ಸಿಪಾಲರ ಸಹಿ, ದುಂಡನೆಯ ಸೀಲು, ಎಲ್ಲ ಇತ್ತು. ಟೈರ್ ಅಂಗಡಿಯವನು, ಹೂ ಕಟ್ಟುವವಳು, ಆಟೋ ತೊಳೆಯುವವನು, ಎಲ್ಲರೂ ಬಿ.ಎ. ಓದುವವರೇ. ಬಂದವರಿಗೆ ಹಂಚಲು ಕಾಲೇಜಿನ ಚರಿತ್ರೆಯ ಪುಸ್ತಕ ಬೇರೆ. ಅದರ ತುಂಬ, ಹಿಂದೆ ಸೆಕ್ರೆಟರಿಯಾಗಿದ್ದ ಶಶಿಕುಮಾರನ ಅಪ್ಪನ ಫೋಟೋಗಳೇ. ಗಿರಿಜಾಂಬಾಗೆ ಒಂದು ಸಾಲು. ಕಲ್ಲು ಹೊತ್ತವರ ಸುದ್ದಿಯೇ ಇಲ್ಲ.

ತಂಡದಲ್ಲಿದ್ದ ಮೇಡಂ ಒಬ್ಬರು ರಕ್ಷಿತಾಳ ಬೆಂಚಿನ ಹತ್ತಿರ ನಿಂತರು. "ಯಾವ ವಿಷಯ ಇಷ್ಟಮ್ಮ?"

"ಇತಿಹಾಸ, ಮೇಡಂ."

"ಯಾಕೆ?"

"ಯಾರು ಕಟ್ಟಿದ್ರು, ಯಾರು ಹೆಸರು ಹಾಕ್ಕೊಂಡ್ರು ಅಂತ ತಿಳ್ಕೋಬೇಕು, ಮೇಡಂ."

"ವೆರಿ ಗುಡ್," ಅಂತ ಮೇಡಂ ಬರೆದುಕೊಂಡರು. ಪಕ್ಕದಲ್ಲಿದ್ದ ಶಶಿಕುಮಾರ್ ಚಪ್ಪಾಳೆಯನ್ನೇ ತಟ್ಟಿದ. ಗೋಡೆ ಪಕ್ಕ ಕೂತಿದ್ದ ಚಿಕ್ಕಮುನಿಯಮ್ಮ ಮೊಮ್ಮಗಳನ್ನೇ ನೋಡುತ್ತಿದ್ದಳು. ಅಯ್ಯೋ, ಎಷ್ಟು ಚೆನ್ನಾಗಿ ಒಪ್ಪುತ್ತಾಳಲ್ಲ ಆ ಬೆಂಚಿಗೆ! ಸರದಿ ಬಂದಾಗ ಎದ್ದು ನಿಂತು, "ಕಾಲೇಜಿಂದ ನಮ್ ಬಾಳು ಬೆಳಗ್ತು," ಅಂದಳು. ಹಾಗಂದ ಬಾಯಿಗೆ ಬೆಂಕಿ ಬೀಳಬಾರದೇ ಅನ್ನಿಸಿತು.

ತಂಡ ಹೋದ ಮೇಲೆ ಶಶಿಕುಮಾರ್ ಕಾರು ಹತ್ತುತ್ತಾ ಕೂಗಿದ. "ಕಾರ್ಡೆಲ್ಲ ನೀನೇ ಇಸ್ಕೊಂಡು ನಾಳೆ ಆಫೀಸಿಗೆ ಕೊಟ್ಬಿಡು. ಕಾರ್ಡ್ ಕೊಟ್ಟೋರಿಗೆ ಮಾತ್ರ ಊಟದ ಪ್ಯಾಕೆಟ್ಟು."

ಗೇಟಿನಲ್ಲಿ ಚೀಲ ಹಿಡಿದು ನಿಂತಳು ಚಿಕ್ಕಮುನಿಯಮ್ಮ. ಮೊದಲು ಬಂದ ಹೂವಿನ ಹುಡುಗಿ ಯಶಶ್ರೀ ಕೊರಳಿಂದ ಕಾರ್ಡು ತೆಗೆದವಳು, ಒಮ್ಮೆ ತನ್ನ ಫೋಟೋ ನೋಡಿಕೊಂಡು ಹೆಬ್ಬೆರಳಿನಿಂದ ಒರೆಸಿದಳು. ಅದನ್ನು ಕಂಡು ಮುದುಕಿಯ ಕೈ ಹಿಂದೆ ಸರಿಯಿತು.

"ಇಟ್ಕೊ," ಅಂದಳು. "ಊಟಾನೂ ತಗೊ. ನಾಳೆ ಒಂಬತ್ತೂವರೆಗೆ ಬಂದ್ಬಿಡು. ಕ್ಲಾಸೈತೆ." ಉಳಿದವರಿಗೂ ಅದೇ ಮಾತು ಹೇಳಿ ಕಳಿಸಿದಳು.

ಮರುದಿನ ಹದಿನಾರು ಜನ ಬಂದರು. ನಾಲ್ವರನ್ನು ಮಾಲೀಕರು ಬಿಡಲಿಲ್ಲ. ವಾಚ್‌ಮನ್ ಕಾರ್ಡು ನೋಡಿದ, ಸೀಲು ನೋಡಿದ, ಬಿಟ್ಟ. ಏಳನೇ ಕೋಣೆಯ ಬೀಗದ ಕೈ ಚಿಕ್ಕಮುನಿಯಮ್ಮನ ಸೊಂಟದಲ್ಲೇ ಇತ್ತು. ಹತ್ತು ಗಂಟೆಗೆ ಶಶಿಕುಮಾರ್ ಓಡಿ ಬಂದ.

"ಏನಿದು ನಾಟಕ?"

"ನಾಟಕ ನಿನ್ನೆ ಮುಗೀತು ಸ್ವಾಮಿ. ಇವು ನಿಮ್ ಬಿ.ಎ. ಮಕ್ಳು. ಮೇಷ್ಟ್ರನ್ನ ಕಳ್ಸಿ."

"ನಿನ್ ಕೆಲಸ ಹೋಯ್ತು! ಪೊಲೀಸ್ ಕರೀತೀನಿ!"

"ಕರೀರಿ. ಸೀಲು ಯಾರ್ದು ಅಂತ ಅವ್ರೂ ಕೇಳ್ಲಿ."

ಅವನು ಫೋನ್ ಹಿಡಿದು ಕೆಳಗಿಳಿದ. ರಾಮಾನುಜ ಮೇಷ್ಟ್ರು ಬಾಗಿಲ ತನಕ ಬಂದರು. ಹುಡುಗರೆಲ್ಲ ಎದ್ದು ನಿಂತರು. ಮೇಷ್ಟ್ರು ಕೈಯಲ್ಲಿದ್ದ ಸೀಮೆಸುಣ್ಣದ ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟು, ಬಂದ ದಾರಿ ಹಿಡಿದು ಹೋಗಿಬಿಟ್ಟರು.

 ರಕ್ಷಿತಾ ಹೊಸ್ತಿಲಿಗೆ ಹೋಗಿ ಒಂದು ಸೀಮೆಸುಣ್ಣ ತಗೊಂಡಳು. ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದಳು: ನಮ್ಮ ಕಾಲೇಜಿನ ಚರಿತ್ರೆ.

"ಅಜ್ಜಿ, ಪುಸ್ತಕದಲ್ಲಿ ಮುತ್ತಾತನ ಹೆಸರಿಲ್ಲ."

"ನೀನ್ ಬರಿ ಮಗಾ. ಬೈರಯ್ಯ. ಈ ಗೋಡೆ ಕಟ್ಟಿದೋನು." ಹೇಳುತ್ತಾ ಚಿಕ್ಕಮುನಿಯಮ್ಮ ಮುಂದಿನ ಬೆಂಚಿನ ಮೇಲೆ ಕೂತಳು.

ಕೆಳಗೆ ಗೇಟಿನಲ್ಲಿ ಜೀಪು ಬಂದು ನಿಂತ ಸದ್ದಾಯಿತು. ಮೆಟ್ಟಿಲ ಮೇಲೆ ಬೂಟುಗಳ ಸದ್ದು ಕೇಳಿತು. ರಕ್ಷಿತಾ ತಿರುಗಿ ಬಾಗಿಲ ಕಡೆ ನೋಡಲಿಲ್ಲ.

"ಯಶಶ್ರೀ, ನಿಮ್ಮ ತಾತನ ಹೆಸರೇನು?" ಅಂದಳು.