ಮಹಡಿ ಮನೆಯ ಬಾಗಿಲು

ಚಾಮರಾಜಪುರಂನ ನೀಲಮ್ಮ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಾಗ ಪೊಲೀಸರು ಗೇಟಿನ ಹತ್ತಿರವೇ ಅಭಿಲಾಷನನ್ನು ಹಿಡಿದರು. ಅವನೂ ಅವನ ಅಕ್ಕ ಗಗನಳೂ ನೀಲಮ್ಮನ ಮಹಡಿ ಮನೆಯಲ್ಲಿ ಬಾಡಿಗೆಗಿದ್ದರು. ಹಿಂದಿನ ದಿನ ಮಂಡಿ ಮೊಹಲ್ಲಾದಲ್ಲಿ ನಡೆದ ಹೊಡೆದಾಟದಲ್ಲಿ ಅವನ ಹೆಸರು ಬಂದಿತ್ತು. ಜೇಬು ತಡಕಿ ಜೀಪು ಹತ್ತಿಸಿದ ಮೇಲೂ ಸಬ್‌ಇನ್ಸ್‌ಪೆಕ್ಟರು ಹೊರಡಲಿಲ್ಲ.

"ಮನೇನೂ ನೋಡ್ಬೇಕು."

"ಮೇಲೆ ನಮ್ಮಕ್ಕನ ಸಾಮಾನಿದೆ ಸಾರ್, ಅವ್ಳು ಕೆಲಸಕ್ಕೆ ಹೋಗಿದ್ದಾಳೆ. ವಾರಂಟ್ ಇದ್ರೆ ತೋರ್ಸಿ," ಎಂದ ಅಭಿಲಾಷ. "ಆಂಟಿ, ಬೀಗದ ಕೈ ಕೊಡ್ಬೇಡಿ."

ಸಬ್‌ಇನ್ಸ್‌ಪೆಕ್ಟರು ನೀಲಮ್ಮನ ಕಡೆ ತಿರುಗಿದರು. "ನಿಮ್ಮತ್ರ ಇನ್ನೊಂದು ಇರುತ್ತಲ್ಲಮ್ಮ, ಕೊಟ್ಬುಡಿ. ಸುಮ್ನೆ ನೀವೂ ಯಾಕೆ ಸ್ಟೇಷನ್ನಿಗೆ ಅಲೀತೀರ?"

ನೀಲಮ್ಮ ಕೊಟ್ಟರು. ಕೊಟ್ಟವರು ಕೆಳಗೆ ನಿಲ್ಲದೆ ಪೊಲೀಸರ ಹಿಂದೆಯೇ ಮೆಟ್ಟಿಲು ಹತ್ತಿದರು.

ಹೊಡೆದಾಟಕ್ಕೆ ಸಂಬಂಧಪಟ್ಟದ್ದು ಒಂದೂ ಸಿಗಲಿಲ್ಲ. ಗಗನಳ ಬೀರು ತೆಗೆದು ಬಟ್ಟೆಯನ್ನೆಲ್ಲ ನೆಲಕ್ಕೆ ಸುರಿದಾಗ ಮಾತ್ರೆಯ ಡಬ್ಬಿಯೊಂದು ಉರುಳಿತು. ಕಾನ್ಸ್‌ಟೇಬಲ್ ಒಬ್ಬ ಅದನ್ನು ಎತ್ತಿಕೊಂಡು, "ಹುಚ್ಚಿಗೆ ಕೊಡೋ ಮಾತ್ರೆ ಸಾರ್," ಎಂದು ಮೆಟ್ಟಿಲ ಮೇಲೆ ನೆರೆದಿದ್ದ ಅಕ್ಕಪಕ್ಕದವರಿಗೂ ಕೇಳುವಂತೆ ನಕ್ಕ. ಸಂಜೆ ಗಗನ ಮನೆಗೆ ಬರುವಷ್ಟರಲ್ಲಿ ಬೀದಿಗೆಲ್ಲ ಗೊತ್ತಾಗಿತ್ತು.

ಅಭಿಲಾಷನಿಗೆ ಜಾಮೀನು ಸಿಕ್ಕಿದ ಮೇಲೆ ಅವನ ವಕೀಲೆ ಶರಣ್ಯಾ ನೀಲಮ್ಮನನ್ನು ಕಾಣಲು ಬಂದರು.

"ಬೀದೀಲಿ ಹಿಡಿದವನ ಜೇಬು ನೋಡ್ಬಹುದಮ್ಮ. ಅಷ್ಟಕ್ಕೇ ಮನೆ ಜಾಲಾಡೋ ಅಧಿಕಾರ ಬರಲ್ಲ. ವಾರಂಟ್ ಬೇಕು. ಅಷ್ಟು ತುರ್ತಿದ್ರೆ ಏನು ಹುಡುಕ್ತೀವಿ, ಯಾಕೆ ಅಂತ ಮೊದಲೇ ಬರೆದಿಡ್ಬೇಕು. ಇವರು ಏನೂ ಬರೆದಿಲ್ಲ. ನೀವೇ ಒಪ್ಪಿ ಕರ್ಕೊಂಡು ಹೋದ್ರಿ ಅಂತಿದ್ದಾರೆ."

ನೀಲಮ್ಮ ಪೊಲೀಸ್ ಮೇಲಧಿಕಾರಿಯ ಮುಂದೆ ನಿಂತು, ಹುಡುಗ ಬೇಡವೆಂದದ್ದನ್ನೂ ತಮ್ಮನ್ನು ಹೆದರಿಸಿದ್ದನ್ನೂ ಹೇಳಿದರು. ಸಬ್‌ಇನ್ಸ್‌ಪೆಕ್ಟರ ಮೇಲೆ ವಿಚಾರಣೆ ಶುರುವಾಯಿತು. ಆದರೂ ನೀಲಮ್ಮನಿಗೆ ಅನ್ನ ಸೇರಲಿಲ್ಲ.

ಮನೆ ಖಾಲಿ ಮಾಡುವ ದಿನ ಗಗನ ಕೆಳಗಿಳಿದು ಬಂದಳು. "ನೀವು ಹೇಳ್ದೆ ಇದ್ದಿದ್ರೆ ನಮ್ಮ ಮಾತನ್ನ ಯಾರೂ ನಂಬ್ತಿರ್ಲಿಲ್ಲ ಆಂಟಿ."

ಆ ಕೃತಜ್ಞತೆಯನ್ನು ನೀಲಮ್ಮನಿಂದ ತಡೆದುಕೊಳ್ಳಲಾಗಲಿಲ್ಲ. "ಹೆದರಿ ಬೀಗದ ಕೈ ಕೊಟ್ಟಿದ್ದು ನಿಜ ಕಣಮ್ಮ. ಆದ್ರೆ ಅದೊಂದೇ ಅಲ್ಲ. ನೀನು ಯಾವಾಗ್ಲೂ ಬಾಗ್ಲು ಹಾಕ್ಕೊಂಡಿರ್ತಿದ್ದೆ. ಒಳಗೇನಿದೆ ಅಂತ ನಂಗೂ ನೋಡ್ಬೇಕು ಅನ್ಸಿತ್ತು. ಅವರ ಹಿಂದೆ ಹೋಗಿ ನಾನೂ ನಿಂತು ನೋಡ್ದೆ."

ಗಗನ ಮೆಟ್ಟಿಲ ಮೇಲಿಟ್ಟಿದ್ದ ಚೀಲವನ್ನು ಎತ್ತಿಕೊಂಡಳು. ಆಮೇಲೆ "ಆಟೋ ಕಾಯ್ತಿದೆ" ಎಂದು ಹೊರಟಳು.

ಚೀಲಗಳನ್ನು ಆಟೋದೊಳಗೆ ಇಡುತ್ತಿದ್ದ ಅಭಿಲಾಷ, "ಬರ್ತೀವಿ ಆಂಟಿ" ಎಂದ. ಗಗನ ತಿರುಗಿ ನೋಡಲಿಲ್ಲ.