ಹಿತ್ತಾಳೆಯ ಏಳನೇ ಟಾರ್ಚು

ನನ್ನ ಟಾರ್ಚಿನ ಮೈಮೇಲೆಲ್ಲ ನನ್ನ ಹಲ್ಲಿನ ಗುರುತು. ಹಸುವಿಗೆ ಹೆರಿಗೆ ಮಾಡಿಸುವಾಗ ಎರಡೂ ಕೈಗೆ ಕೆಲಸವಿರುತ್ತದೆ; ಬೆಳಕನ್ನು ಬಾಯಲ್ಲೇ ಕಚ್ಚಿಕೊಳ್ಳಬೇಕು. ಪೂರ್ವ ಕೆಂಟಕಿಯ ಈ ಗುಡ್ಡಗಳಲ್ಲಿ ಇಪ್ಪತ್ತೆರಡು ವರ್ಷಗಳಿಂದ ದನದ ಡಾಕ್ಟರಾಗಿರುವ ನನಗೆ ಇದೇ ಅಭ್ಯಾಸ. ಒಮ್ಮೆ ತಮ್ಮ ಕೊಟ್ಟಿಗೆಯಲ್ಲಿ ನಾನು ಪ್ಲಾಸ್ಟಿಕ್ ಟಾರ್ಚು ಕಚ್ಚಿಕೊಂಡು ಒದ್ದಾಡುವುದನ್ನು ವರ್ಲಿನ್ ಮಾವ ನೋಡಿದರು. ಅವರು ನನಗೆ ನೆಂಟರೇನಲ್ಲ. ಗಣಿಯ ಯಂತ್ರಗಳನ್ನು ರಿಪೇರಿ ಮಾಡಿ ನಿವೃತ್ತರಾದವರು, ಊರಿಗೆಲ್ಲ ಮಾವ. ಮಾರನೇ ವಾರವೇ ಲೋಹ ಕಡೆಯುವ ಲೇತಿನ ಮುಂದೆ ನಿಂತು, ನನ್ನ ಬಾಯಿಗೆ ಹೊಂದುವಂತೆ ಹಿತ್ತಾಳೆಯದೊಂದು ಟಾರ್ಚು ಮಾಡಿಕೊಟ್ಟರು.

ಅಂಥವು ಅವರು ಮಾಡಿದ್ದು ಒಟ್ಟು ಇಪ್ಪತ್ತನಾಲ್ಕು. ನನ್ನದರ ಮೇಲೆ ಏಳು ಎಂದು ಕೊರೆದಿತ್ತು. ಆಮೇಲೆ ಅವರ ಕೈ ನಡುಗತೊಡಗಿತು. ಲೇತು ನಿಲ್ಲಿಸಿದ್ದೇ ತಡ, ಟಾರ್ಚು ಕೂಡಿಡುವ ಹುಚ್ಚಿನವರು ಅವಕ್ಕೆ ಮುಗಿಬಿದ್ದರು.

ನನ್ನ ಗಂಡ ಬಾಯ್ಡ್ ಶಾಲೆಯ ಬಸ್ಸು ಓಡಿಸುತ್ತಾನೆ. ಬಿಡುವಿದ್ದಾಗಲೆಲ್ಲ ಫೋನಿನಲ್ಲಿ ಬೆಲೆ ನೋಡುತ್ತಾನೆ. ಒಂದು ದಿನ ತಿಂಡಿಗೆ ಕೂತಾಗ ಶುರು ಮಾಡಿದ.

"ಓಲೀಟಾ, ಅದನ್ನ ಇನ್ಮೇಲೆ ಬಳಸ್ಬೇಡ ಕಣೇ. ಒಂದು ಗೀರೂ ಇಲ್ದಿದ್ರೆ ಎರಡು ಸಾವಿರ ಡಾಲರ್ ಅಂತೆ. ನೀನು ಸೆಗಣಿಯಲ್ಲಿ ಅದ್ದಿ ಅದ್ದಿ ಹಾಳ್ಮಾಡ್ತಿದೀಯ."

"ಸೆಗಣಿಯಲ್ಲಿ ಅದ್ದೋಕೇ ಅಲ್ವಾ ಅವರು ಮಾಡಿಕೊಟ್ಟಿದ್ದು? ಸುಮ್ನೆ ತಿನ್ನು."

ಸುಮ್ಮನೆ ತಿಂದ. ಒಪ್ಪಿಕೊಂಡ ಎಂದುಕೊಂಡೆ, ನನ್ನ ದಡ್ಡತನ.

ಡಿಸೆಂಬರಿನ ಒಂದು ಶುಕ್ರವಾರ ಮಧ್ಯಾಹ್ನ ವರ್ಲಿನ್ ಮಾವನ ಹಸುವಿಗೆ ನೋವು ಶುರುವಾಯಿತು. ತಂತಿಗಳ ಮೇಲೆ ಮಂಜುಗಡ್ಡೆ ಕಟ್ಟಿ ಕರೆಂಟು ಹೋಗಿತ್ತು, ಕೊಟ್ಟಿಗೆಯೊಳಗೆ ಕತ್ತಲು. ಕರುವಿನ ಒಂದು ಮುಂಗಾಲು ಹಿಂದಕ್ಕೆ ಮಡಚಿಕೊಂಡಿತ್ತು. ಚೀಲಕ್ಕೆ ಕೈ ಹಾಕಿದರೆ ಟಾರ್ಚಿನ ಜಾಗದಲ್ಲಿ ಒಂದು ಡಬ್ಬಿ. ಅದರೊಳಗೆ ಪ್ಲಾಸ್ಟಿಕ್ ಸುತ್ತಿ ಮೊಹರು ಮಾಡಿದ, ಫಳಫಳ ಹೊಳೆಯುವ ಹತ್ತೊಂಬತ್ತನೇ ನಂಬರಿನ ಟಾರ್ಚು.

ಬಾಯ್ಡ್‌ಗೆ ಫೋನ್ ಮಾಡಿದೆ.

"ಹರೀಬೇಡ, ಹರೀಬೇಡ!" ಎಂದು ಕೂಗಿದ. "ಅದಲು ಬದಲು ಮಾಡ್ಕೊಂಡೆ ಕಣೇ. ಗ್ರೇಡನ್ ಅಂತ ಒಬ್ಬ ವ್ಯಾಪಾರಿ. ಮೊದಲ ಹತ್ತು ನಂಬರಿನವು ಸಿಗೋದೇ ಇಲ್ವಂತೆ ಅವನಿಗೆ. ಹಳೇದು ಕೊಟ್ಟು ಹೊಸದು! ನಿನ್ನ ಖುಷಿಗೆ ಅಂತಾನೇ..."

ಅಷ್ಟರಲ್ಲಿ ಪ್ಲಾಸ್ಟಿಕ್ ಹರಿದಾಗಿತ್ತು. ಗುಂಡಿ ಒತ್ತಿದೆ; ಹತ್ತಲಿಲ್ಲ. ಒಳಗೆ ಸೆಲ್ಲೇ ಇರಲಿಲ್ಲ. ನನ್ನ ಸೆಲ್ಲು ನನ್ನ ಟಾರ್ಚಿನ ಜೊತೆಗೇ ಹೋಗಿತ್ತು.

ಮಾವ ನನ್ನ ಫೋನಿನ ಬೆಳಕು ಹಿಡಿದು ನಿಂತರು. ಅವರ ಕೈ ನಡುಗಿದಂತೆಲ್ಲ ಬೆಳಕು ಗೋಡೆ, ಸೂರು, ನನ್ನ ಕಣ್ಣು ಎಂದು ಓಡಾಡಿತು. ಹತ್ತು ನಿಮಿಷದ ಕೆಲಸಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟೂ ಹೊತ್ತು ಆ ಹಸು ನರಳಿತು. ಕರು ಹೇಗೋ ಉಸಿರಾಡಿತು. ನಾನು ಹುಲ್ಲಿನ ಮೇಲೆ ಕುಸಿದು ಕೂತು ಸಿಟ್ಟಿಗೆ ಅತ್ತುಬಿಟ್ಟೆ.

ಮಾವ ಹತ್ತೊಂಬತ್ತನೆಯದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಒಂಬತ್ತು ವರ್ಷ ಆಯ್ತು ಮಗಾ ಇದನ್ನ ಮಾಡಿ. ಒಂದು ಸಲಾನೂ ಹಚ್ಚಿಲ್ವಲ್ಲ ಇವ್ರು. ನಾನೇನು ಗೊಂಬೆ ಮಾಡಿದ್ನಾ?"

ಮರುದಿನ ಬೆಳಿಗ್ಗೆ ಅಗ್ನಿಶಾಮಕ ಠಾಣೆಯ ಸಭಾಂಗಣದಲ್ಲಿ ಟಾರ್ಚಿನವರ ಸಂತೆಯಿತ್ತು. ಬಾಯ್ಡ್‌ನನ್ನು ಎಳೆದುಕೊಂಡು ಹೋದೆ. ಮಾವನೂ ಬಂದರು. ಗ್ರೇಡನ್‌ನ ಮೇಜಿನಲ್ಲಿ ಮಖಮಲ್ಲಿನ ಮೇಲೆ ನನ್ನ ಟಾರ್ಚು ಮಲಗಿತ್ತು. ಪಕ್ಕದಲ್ಲೊಂದು ಚೀಟಿ: ಹಲ್ಲಿನ ಕಲೆಗಳಿವೆ, ಉಜ್ಜಿ ಹೊಸದರಂತೆ ಮಾಡಿಕೊಡಲಾಗುವುದು.

"ನನ್ನ ಟಾರ್ಚು ವಾಪಸ್ ಕೊಡಿ. ಇವನು ನನ್ನ ಕೇಳದೇ ಕೊಟ್ಟಿದಾನೆ," ಎಂದು ಹತ್ತೊಂಬತ್ತನೆಯದನ್ನು ಮೇಜಿನ ಮೇಲಿಟ್ಟೆ.

ಗ್ರೇಡನ್ ಬಿಳಿ ಕೈಗವಸು ಹಾಕಿಕೊಂಡು ಅದನ್ನು ಎತ್ತಿದ. ಮುಖ ಸಣ್ಣದಾಯಿತು. "ಮೊಹರು ಹರಿದುಬಿಟ್ಟಿದೀರಲ್ಲ ಮೇಡಂ! ಅರ್ಧ ಬೆಲೆ ಹೋಯ್ತು. ಈಗ ಹೇಗೆ ವಾಪಸ್ ಕೊಡ್ಲಿ?"

"ಕತ್ತಲಲ್ಲಿ ಟಾರ್ಚು ಹಚ್ಚೋಕೆ ಹೋಗಿದ್ದು ನನ್ನ ತಪ್ಪಾ?"

"ನಿಮಗೆ ಇದರ ಬೆಲೆ ಗೊತ್ತಿಲ್ಲ, ಅದಕ್ಕೇ ಹೀಗೆ ಮಾತಾಡ್ತೀರಿ."

ಜನ ಸೇರಿದರು. ಅವರಲ್ಲಿ ಒಬ್ಬರೂ ನನ್ನ ಮುಖ ನೋಡಲಿಲ್ಲ. ಎಲ್ಲರ ಕಣ್ಣೂ ಹರಿದ ಪ್ಲಾಸ್ಟಿಕ್ಕಿನ ಮೇಲೆ.

ಮಾವ ಮುಂದೆ ಬಂದರು. "ನನ್ನ ಸಹಿ ಇದ್ರೆ ಬೆಲೆ ಏರುತ್ತಾ?"

ಗ್ರೇಡನ್‌ಗೆ ಆಗ ಅವರ ಗುರುತು ಹತ್ತಿತು. "ಅಯ್ಯೋ, ನೀವಾ! ನೀವು ಇದುವರೆಗೆ ಯಾವುದಕ್ಕೂ ಸಹಿ ಹಾಕಿಲ್ವಲ್ಲ. ಎರಡು ಪಟ್ಟಾಗುತ್ತೆ ಸಾರ್!"

"ಹಾಗಾದ್ರೆ ಮೊದ್ಲು ಅವಳದನ್ನ ಅವಳ ಕೈಗೆ ಕೊಡು."

ಕೊಟ್ಟ. ಮಾವ ಜೇಬಿನಿಂದ ಕೊರೆಯುವ ಮೊಳೆ ತೆಗೆದು ಹತ್ತೊಂಬತ್ತನೆಯದರ ಮೇಲೆ ತಮ್ಮ ಹೆಸರು ಕೆತ್ತತೊಡಗಿದರು. ಕೈ ಸ್ಥಿಮಿತದಲ್ಲಿ ನಿಲ್ಲಲಿಲ್ಲ, ಅಕ್ಷರಗಳು ಕುಂಟಿದವು. ಅಷ್ಟು ಜನರೆದುರು ಆ ಮನುಷ್ಯ ತಮ್ಮ ನಡುಕವನ್ನು ತೋರಿಸಬೇಕಾಯಿತಲ್ಲ ಎಂದು ನಾನು ಜನರಿಗೆ ಅಡ್ಡವಾಗಿ ನಿಂತೆ. ಕೆತ್ತಿ ಮುಗಿಸಿ ಅಂದರು, "ನಿನಗೋಸ್ಕರ ಹಾಕಿದ್ದಲ್ಲ ತಿಳ್ಕೋ. ಇವಳು ಬದುಕಿಸಿದ ಕರುವಿಗೋಸ್ಕರ."

ಗ್ರೇಡನ್‌ಗೆ ಅದು ಕೇಳಿಸಲೇ ಇಲ್ಲ. ಆಗಲೇ ಅವನು ಹೊಸ ಪ್ಲಾಸ್ಟಿಕ್ ಸುತ್ತುತ್ತಿದ್ದ.

ಮಾವನನ್ನು ಅವರ ಮನೆಗೆ ಬಿಟ್ಟು ನಾವಿಬ್ಬರೇ ಹೊರಟೆವು. ಗಾಡಿ ನಾನೇ ಓಡಿಸುತ್ತಿದ್ದೆ. ಸೇತುವೆ ದಾಟಿದ ಮೇಲೆ ಬಾಯ್ಡ್ ಮೆಲ್ಲಗೆ ಅಂದ, "ನಿನ್ನದಕ್ಕೂ ಒಂದು ಸಹಿ ಹಾಕಿಸ್ಕೊಂಡಿದ್ರೆ..."

ಗಾಡಿ ನಿಲ್ಲಿಸಿದೆ.

"ಇಳಿ."

"ಓಲೀಟಾ, ಮನೆಗೆ ಇನ್ನೂ ಎರಡು ಮೈಲಿ ಇದೆ. ಮಂಜು ಬೀಳ್ತಿದೆ."

"ಇಳಿ ಅಂದೆ."

ಇಳಿದ. ಕನ್ನಡಿಯಲ್ಲಿ ನೋಡಿದೆ: ಕಾಲರು ಮೇಲೆತ್ತಿಕೊಂಡು ನಡೆಯುತ್ತಿದ್ದ. ಪಾಪ ಎನಿಸಲಿಲ್ಲ.