ಒಂದು ಬೀಜ ಕಮ್ಮಿ

ಗಾಡಿಗೆ ಹುಲ್ಲು ಹಾಸುತ್ತಿದ್ದ ಗಂಗಣ್ಣನ ಕೈಯನ್ನು ಲಕ್ಷ್ಮಯ್ಯ ತಡೆದು ಹಿಡಿದ.

"ಇಲ್ಲೇ ಮಣ್ಣು ಮಾಡಾಣ ಗಂಗಣ್ಣ. ಇಪ್ಪತ್ತು ವರ್ಷ ಈ ಹಾಸ್ಟೆಲ್ನಾಗೇ ಮುದ್ದೆ ಕಟ್ಟಿದೋರು."

"ಒಡಹುಟ್ಟಿದೋನು ನಾನೋ ನೀನೋ? ನಮ್ಮಣ್ಣ ಇಲ್ಲೇ ಹತ್ರದ ನಮ್ಮೂರು ಚನ್ನರಾಯಪಟ್ಟಣದಾಗೆ ನಮ್ಮಪ್ಪನ ಮಗ್ಗುಲಾಗೇ ಮಲಗ್ಬೇಕು."

ಅಡುಗೆಯ ಕೊಂಡಪ್ಪ ಜಗಲಿಯ ಮೇಲೆ ಮಲಗಿದ್ದ. ನಿನ್ನೆ ಹುಡುಗರಿಗೆಲ್ಲ ಬಡಿಸಿ, ತಾನೂ ಉಂಡು, ಬೆಳಗ್ಗೆ ಏಳದೆ ಹೋದವನ ಮುಖದಲ್ಲಿ ಹೊಟ್ಟೆ ತುಂಬಿದ ತೃಪ್ತಿಯಿತ್ತು.

"ಇಲ್ಲೇ ಇರ್ಲಿ!" ಎಂದರು ದೇವನಹಳ್ಳಿ ಹಾಸ್ಟೆಲಿನ ನಲವತ್ತು ಹುಡುಗರೂ.

*

ಕತೆಯ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿರುತ್ತದೆ. ಕೊಂಡಪ್ಪನ ಪ್ರಾಣ ಇದ್ದದ್ದು ಅಡುಗೆಮನೆಯ ಗೂಡಿನಲ್ಲಿದ್ದ ಒಂದು ಮಡಕೆಯಲ್ಲಿ. ಉಗ್ರಾಣದ ಬೀಗದ ಕೈ ಯಾರ ಬಳಿ ಇರಬೇಕೆಂದು ಹುಡುಗರು ತಿಂಗಳಿಗೊಮ್ಮೆ ಅದರಲ್ಲಿ ಬೀಜ ಹಾಕಿ ಆರಿಸುತ್ತಿದ್ದರು. ಸೊಣ್ಣಪ್ಪನಿಗೆ ಹುಣಸೆಬೀಜ, ಆಂಜಿನಪ್ಪನಿಗೆ ಅವರೆಬೀಜ.

ಲಕ್ಷ್ಮಯ್ಯ ಹೊಸದಾಗಿ ಸೇರಿದ ತಿಂಗಳು ಕೊಂಡಪ್ಪ ಸೌಟು ಕೆಳಗಿಟ್ಟುಬಿಟ್ಟ.

"ನಲವತ್ತು ಎಲೆ ಬಿದ್ದವೆ. ಒಂದು ಬೀಜ ಕಮ್ಮಿ ಐತೆ. ಯಾರ್ಲಾ ಅದು?"

"ನಾನು ಕಣಣ್ಣ. ಯಾರಿಗೆ ಹಾಕ್ಲಿ?"

"ಅದು ನಂಗ್ಯಾಕ್ಲಾ? ನಾನು ಬಡಿಸೋನು, ನಂಗೆಲ್ಲಾ ಎಲೆನೂ ಒಂದೇ. ನಿನ್ನ ಬೀಜ ಬೀಳೋಗಂಟ ಯಾರಿಗೂ ಮುದ್ದೆ ಇಲ್ಲ."

"ಬೇಗ ಹಾಕೋ ಮಾರಾಯ, ಸಾರು ಆರೋಗ್ತೈತೆ!" ಎಂದು ಸಾಲಿಗೆ ಸಾಲೇ ಕೂಗಿತು.

ಈಗ ಬೆಂಗಳೂರಿನ ಕಾಲೇಜಿನಲ್ಲಿ ಸಂಘದ ಚುನಾವಣೆಯ ದಿನ ಲಕ್ಷ್ಮಯ್ಯ ಕೋಣೆ ಕೋಣೆಗೂ ಹೋಗಿ ಮಲಗಿದವರನ್ನು ಎಬ್ಬಿಸುತ್ತಾನೆ. ಯಾರಿಗೆ ಹಾಕಬೇಕೆಂದು ಮಾತ್ರ ಹೇಳುವುದಿಲ್ಲ. ಕಳೆದ ಸಲ ಅವನು ಹಾಸ್ಟೆಲಿಗೆ ಬಂದಾಗ ಇದನ್ನು ಕೇಳಿ ಕೊಂಡಪ್ಪ ಹಿಗ್ಗಿದ್ದ: "ಸ್ವತಂತ್ರ ಬಂತಲ್ಲ, ಇನ್ಮೇಲೆ ದೇಶಾನೂ ಹಿಂಗೇ ಎಲ್ಲಾರ್ನೂ ಕೇಳ್ತದಂತೆ ಕಣ್ಲಾ."

*

ಜಗಳ ಏರುತ್ತಿದ್ದಂತೆ ಲಕ್ಷ್ಮಯ್ಯನ ಕಣ್ಣು ಒರಳುಕಲ್ಲಿನ ಪಕ್ಕಕ್ಕೆ ಹೋಯಿತು. ಕೊಂಡಪ್ಪನ ಹೆಂಡತಿ ಮುನಿವೆಂಕಟಮ್ಮ ಅಲ್ಲಿ ಸುಮ್ಮನೆ ಕೂತಿದ್ದಳು.

"ತಡೀರಿ. ಒಂದು ಬೀಜ ಕಮ್ಮಿ ಐತೆ," ಎಂದ. ಹುಡುಗರು ತಿರುಗಿ ನೋಡಿದರು. "ಅಕ್ಕಾ, ನೀವೇನಂತೀರಿ?"

"ಅತ್ತಿಗೇನ ಏನು ಕೇಳ್ತೀಯೋ?" ಎಂದ ಗಂಗಣ್ಣ.

ಮುನಿವೆಂಕಟಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಕೇಳ್ಲಿ ಬಿಡು ಗಂಗಣ್ಣ. ಊರ ಹುಡುಗ್ರನ್ನೆಲ್ಲ ಕೇಳೋ ಈ ಮಹರಾಯ, ಸಾರಿಗೆ ಉಪ್ಪು ಸಾಕೇನೇ ಅಂತ ನನ್ನ ಒಂದು ದಿನ ಕೇಳ್ನಿಲ್ಲ."

ಅಳುತ್ತಿದ್ದ ಹುಡುಗರಿಗೂ ನಗು ಬಂತು.

"ಊರಿಗೇ ಹೋಗ್ಲಿ," ಎಂದಳು. "ಇಲ್ಲಿ ದಿನಾ ಎಲ್ಲಾರೂ ಉಂಡ್ಮೇಲೆ ಉಂಡ್ರು. ಅಲ್ಲಿ ಹಿರೀಕರ ಸಾಲ್ನಾಗೆ ಮೊದ್ಲು ಎಡೆ ಬೀಳ್ಲಿ."

ಲಕ್ಷ್ಮಯ್ಯ ಬಗ್ಗಿ ಒಂದು ತಬ್ಬು ಹುಲ್ಲು ಎತ್ತಿಕೊಂಡು ಗಂಗಣ್ಣನ ಜೊತೆ ಗಾಡಿಗೆ ಹಾಸತೊಡಗಿದ. ಹುಡುಗರು ಒಬ್ಬೊಬ್ಬರಾಗಿ ಬಂದು ಕೈಹಾಕಿದರು.

ಗಂಡನ ಟವಲು ತರಲೆಂದು ಮುನಿವೆಂಕಟಮ್ಮ ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಾಯಿತು. ಆಮೇಲೆ ಒಳಗೆ, ಗೂಡಿನ ಖಾಲಿ ಮಡಕೆಯಲ್ಲಿ, ಒಂದೇ ಒಂದು ಬೀಜ ಬಿದ್ದ ಸದ್ದು ಅಂಗಳದವರೆಗೂ ಕೇಳಿಸಿತು.